ಓಬಕ್ಕನ ಮಂಡಿ ಎಣ್ಣೆ

ತಾಯಿ ಓಬಕ್ಕ ಕಾಯಿಸುವ ಮಂಡಿನೋವಿನ ಎಣ್ಣೆಯನ್ನು ಶೀಶೆಗೆ ತುಂಬಿ ಆನ್‌ಲೈನಿನಲ್ಲಿ ಮಾರಲು ಹೊರಟಾಗ, ಚನ್ನರಾಯನದುರ್ಗದ ರಾಮಾಂಜನೇಯ ಲೇಬಲ್ಲಿನ ಮೇಲೆ ಅವಳದೇ ನಗುಮುಖ ಅಚ್ಚು ಹಾಕಿಸಿದ್ದ. ಕೆಳಗೆ ‘ಹಚ್ಚಿದೊಡನೆ ನೋವು ಮಾಯ’ ಎಂದು ಬರೆಸಿದ್ದ. ಇನ್ನೂ ಜಾಗ ಉಳಿದಿದೆಯಲ್ಲ ಎಂದು ‘ಶುಗರ್, ಬಿಪಿಗೂ ಒಳ್ಳೆಯದು’ ಎಂಬುದನ್ನೂ ಸೇರಿಸಿದ್ದ.

ಅಂದು ಬೆಳಿಗ್ಗೆ ಕೊರಟಗೆರೆಯ ಕೊರಿಯರ್ ಅಂಗಡಿಯ ಹಾಲೇಶ್ ಫೋನು ಮಾಡಿದ.

“ಲೇ ರಾಮಾಂಜಿ, ಯಾರೋ ಡ್ರಗ್ ಇನ್‌ಸ್ಪೆಕ್ಟರಂತೆ. ನಿನ್ ಶೀಸೆ ಹಿಡ್ಕಂಡು ಮನೆ ಎಲ್ಲಿ ಅಂತ ಕೇಳುದ್ರು. ಹೇಳ್ಬುಟ್ಟೆ ಕಣ್ಲಾ.”

“ಯಾಕ್ಲಾ ಹೇಳ್ದೆ?”

“ಪಾಪ, ಬಿಸ್ಲಾಗೆ ಬಂದಿದ್ರು. ದಾರೀನೂ ನಾನೇ ತೋರುಸ್ದೆ.”

ರಾಮಾಂಜನೇಯ ಫೋನು ಇಟ್ಟವನೇ ಬಾಗಿಲಿಗೆ ಓಡಿ ಬೀದಿಯ ಎರಡೂ ತುದಿ ನೋಡಿದ. ಎದುರುಮನೆಯ ಚಿಕ್ಕನರಸಯ್ಯ, ಜಮೀನಿನ ವ್ಯಾಜ್ಯಕ್ಕೆಂದು ಮಧುಗಿರಿ ಕೋರ್ಟಿಗೆ ಅಲೆದಲೆದು ಅರ್ಧ ವಕೀಲನೇ ಆಗಿದ್ದವನು, ಯಾರೂ ಕರೆಯದಿದ್ದರೂ ಬಂದು ಜಗಲಿಯ ಮೇಲೆ ಕೂತ.

“ಲೈಸೆನ್ಸ್ ಐತೇನ್ಲಾ?”

“ಎಣ್ಣೆಗ್ಯಾಕಣ್ಣ ಲೈಸೆನ್ಸು?”

“ಔಷ್ದಿ ಅಂತ ತಾನೆ ನೀನು ಮಾರಿರೋದು? ಔಷ್ದಿ ಮಾಡಿ ಮಾರೋಕೆ ಲೈಸೆನ್ಸ್ ಬೇಕು. ಇನ್ನ ಶುಗರ್‌ಗೆ ಒಳ್ಳೇದು ಅಂತ ಬರ್ಕಂಡಿದ್ದೀಯಲ್ಲ, ಅದು ಬ್ಯಾರೆ ಕೇಸು.” ಶೀಶೆಯನ್ನು ತಿರುಗಿಸಿ ನೋಡಿ ದನಿ ತಗ್ಗಿಸಿದ. “ನಿನ್ ಹೆಸ್ರು ಎಲ್ಲೂ ಇಲ್ವಲ್ಲೋ! ಇರಾದು ನಿಮ್ಮವ್ವನ್ ಮೊಕ.”

ಒಳಗೆ ಓಬಕ್ಕ ಏನೂ ಅರಿಯದೆ ಅವರೆಕಾಯಿ ಸುಲಿಯುತ್ತಿದ್ದಳು. ಜೈಲಿನಲ್ಲಿ ಅವ್ವನಿಗೆ ಸಂಜೆಯ ಎಲೆಅಡಿಕೆ ಯಾರು ಕೊಟ್ಟಾರು ಎಂದು ನೆನೆದು ರಾಮಾಂಜನೇಯನ ಕಣ್ಣು ತುಂಬಿತು.

“ಅಳಾದು ಆಮ್ಯಾಕೆ. ಮೊದ್ಲು ಶೀಸೆ ತುಂಬಿರೋ ಡಬ್ಬ ಎಲ್ಲ ಬಚ್ಚಿಡು” ಎಂದ ಚಿಕ್ಕನರಸಯ್ಯ.

ಸುದ್ದಿ ತಿಳಿದು ಇಡೀ ಬೀದಿಯೇ ಬಂತು. ಮದುವೆ ಮನೆಯ ಪಾತ್ರೆ ಹಂಚಿಕೊಂಡಂತೆ ಎಲ್ಲರೂ ಎಣ್ಣೆಯ ಡಬ್ಬ ಹಂಚಿಕೊಂಡರು. ಪಕ್ಕದ ಮನೆಯ ವರಲಕ್ಷ್ಮಿ ಒಂದನ್ನು ರಾಗಿ ಡ್ರಮ್ಮಿನ ಹಿಂದೆ ಇಟ್ಟಳು. ಇನ್ನೊಂದು ಸಿದ್ದಗಂಗಯ್ಯನ ಹೊಸ ಬಚ್ಚಲಿಗೆ ಹೋಯಿತು. ಬೇಲಿಯ ಬದಿಯಲ್ಲಿ ಚೀಲ ಹಿಡಿದು, ಬೆವರಿ, ಏನೋ ಹೇಳಲು ಬಾಯಿ ತೆರೆಯುತ್ತ ನಡುವಯಸ್ಸಿನವರೊಬ್ಬರು ನಿಂತಿದ್ದರು. ಚಿಕ್ಕನರಸಯ್ಯ ಅವರ ಕೈಗೂ ಒಂದು ಡಬ್ಬ ತುರುಕಿದ.

“ನಿಂತ್ಕಂಡು ಏನ್ ನೋಡ್ತೀಯಣ್ಣ, ಹಿಡ್ಕ! ಹುಲ್ಲಿನ ಬಣವೇಗೆ.”

ಆ ಬೀದಿಯಲ್ಲಿ ಹೊಸಬರು ಕಂಡರೆ ಯಾರದೋ ಮನೆಯ ನೆಂಟರೆಂದೇ ಲೆಕ್ಕ. ಊಟ ಹಾಕುವ ಮೊದಲು ‘ನೀವ್ಯಾರು’ ಎಂದು ಕೇಳುವುದು ಮರ್ಯಾದೆಯಲ್ಲ. ನೆಂಟರು ಹೊತ್ತರು. ವರಲಕ್ಷ್ಮಿ ಏದುಸಿರು ಬಿಡುವುದನ್ನು ಕಂಡು ಅವಳ ಕೈಯದನ್ನೂ ತೆಗೆದುಕೊಂಡರು. ಬಚ್ಚಲಿನಲ್ಲಿ, “ಇಲ್ಲಿ ನೀರು ತಾಗುತ್ತೆ, ಸ್ವಲ್ಪ ಮೇಲಿಡಿ” ಎಂದು ಬುದ್ಧಿಯನ್ನೂ ಹೇಳಿದರು.

ಅಷ್ಟರಲ್ಲಿ ಜೀಪಿನ ಸದ್ದು! ಎಲ್ಲರೂ ಗೋಡೆಯ ಮರೆಗೆ ಬಗ್ಗಿದರು. ಚಿಕ್ಕನರಸಯ್ಯ ತೋಳು ಹಿಡಿದು ಎಳೆದದ್ದರಿಂದ ನೆಂಟರೂ ಬಗ್ಗಿದರು. ನೋಡಿದರೆ ಕರೆಂಟಿನವರು. ಜೀಪು ಧೂಳೆಬ್ಬಿಸಿ ಮುಂದೆ ಹೋಯಿತು. ಬೀದಿಗೆಲ್ಲ ಉಸಿರು ಬಂತು.

“ಯಾರಪ್ಪ ಇದು, ಬೆವತು ನೀರಾಗವ್ರೆ. ಕೈ ತೊಳ್ಕಳಪ್ಪ, ಮುದ್ದೆ ಬಿಸಿಯಾಗೈತೆ” ಎಂದು ಓಬಕ್ಕ ನೆಂಟರನ್ನು ಕೂರಿಸಿದಳು. ಅವರು ಸಂಕೋಚದಿಂದ ಬೇಡವೆಂದರು, ಅವಳು ಕೇಳಲಿಲ್ಲ. ಅವರೆಕಾಳಿನ ಸಾರು ಎರಡನೆಯ ಸಲ ಬಡಿಸಿ, ಊಟ ಮುಗಿದ ಮೇಲೆ ಕೇಳಿದಳು:

“ಯಾರ ಮನೆ ನೆಂಟ್ರಪ್ಪ ನೀವು?”

ಅವರು ಕೈ ಒರೆಸಿಕೊಂಡು ಚೀಲದಿಂದ ಒಂದು ಶೀಶೆ ತೆಗೆದರು. “ನಿಮ್ಮ ಮನೆಗೇ ಬಂದೋನಮ್ಮ. ಶಂಕರಲಿಂಗಪ್ಪ, ಡ್ರಗ್ ಇನ್‌ಸ್ಪೆಕ್ಟರ್. ಬೆಳಗಿಂದ ಹೇಳೋಕೆ ನೋಡ್ತಿದ್ದೀನಿ, ಬಾಯಿ ತೆಗೆದಾಗಲೆಲ್ಲ ಕೈಗೆ ಡಬ್ಬ ಕೊಡ್ತಾರೆ.”

ಮೊದಲು ಚೇತರಿಸಿಕೊಂಡವನು ಅರ್ಧ ವಕೀಲ. “ಯಾವ್ ಡಬ್ಬ ಸಾ?”

“ಬಣವೆಯಲ್ಲಿ ಎಡಗಡೆ ಇರೋದನ್ನ ನಾನೇ ಇಟ್ಟಿದ್ದು” ಎಂದರು ಮೆಲ್ಲಗೆ.

“ನಮ್ಮನೇಲಿರಾದು ನಮ್ದೇ ಸಾ!” ಎಂದಳು ವರಲಕ್ಷ್ಮಿ. “ನಮ್ಮನೇದು ನಂದೇ” ಎಂದ ಸಿದ್ದಗಂಗಯ್ಯ. ಓಬಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. “ಕಾಯಿಸ್ದೋಳು ನಾನು ಕಣಪ್ಪ. ನನ್ನೇ ಕರ್ಕಂಡೋಗು.”

ರಾಮಾಂಜನೇಯ ತಾಯಿಗೆ ಅಡ್ಡ ನಿಂತ. “ಅವ್ವಂಗೆ ಏನೂ ಗೊತ್ತಿಲ್ಲ ಸಾರ್. ಬರ್ಸಿದೋನು ನಾನು, ಮಾರಿದೋನು ನಾನು. ನನ್ನೆಸ್ರು ಬರ್ಕಳಿ.”

ಶಂಕರಲಿಂಗಪ್ಪ ಅವನನ್ನೇ ನೋಡಿದರು. “ಬರ್ಕೊತೀನಪ್ಪ. ಆದ್ರೆ ಇದನ್ನ ನಂಬಿ ಯಾರ ತಾಯಿಯಾದ್ರೂ ಶುಗರ್ ಮಾತ್ರೆ ಬಿಟ್ಟಿದ್ರೆ?”

ರಾಮಾಂಜನೇಯ ಅದನ್ನು ಯೋಚಿಸಿಯೇ ಇರಲಿಲ್ಲ. ಬಣವೆಯ ಡಬ್ಬ ತರಲು ತಾನೇ ಹೊರಟ.

ಸಂಜೆಯ ಹೊತ್ತಿಗೆ ಡಬ್ಬಗಳೆಲ್ಲ ಹೊರಬಂದು ಸೀಲಾದವು. ಕೇಸು ರಾಮಾಂಜನೇಯನ ಹೆಸರಿಗೇ ಆಯಿತು. ಅವ್ವ ಉಳಿದಳಲ್ಲ ಎಂದು ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರು ಸಾಕ್ಷಿಗೆಂದು ಒಂದು ಡಬ್ಬ ಎತ್ತಲು ಬಗ್ಗಿ “ಅಮ್ಮಾ” ಎಂದು ಸೊಂಟ ಹಿಡಿದುಕೊಂಡರು.

“ಲೇ ರಾಮಾಂಜಿ, ನೋಡ್ಕಂಡು ನಿಂತಿದ್ದೀಯಲ್ಲೋ! ನಿನ್ನಿಂದ ಪಾಪ ಅವ್ರ ಸೊಂಟ ಬಿದ್ದೋಯ್ತು. ಬಸ್ ತಂಕ ಹೊತ್ಕಂಡೋಗು” ಎಂದು ಗದರಿದಳು ಓಬಕ್ಕ.

ತನ್ನ ಮೇಲಿನ ಕೇಸಿನ ಸಾಕ್ಷಿಯನ್ನು ತಾನೇ ತಲೆಯ ಮೇಲೆ ಹೊತ್ತು ರಾಮಾಂಜನೇಯ ಬಸ್ಸಿನ ಕಡೆ ನಡೆದ. ಹಿಂದಿನಿಂದ ಒಂದು ಕೈ ಡಬ್ಬಕ್ಕೆ ಆಸರೆ ಕೊಟ್ಟಿತು.

“ಹುಷಾರಪ್ಪ, ಮೆಲ್ಲಗೆ. ಒಂದೂ ಒಡೀಬಾರದು.”