ಟೇಬಲ್ ಕೆಳಗಿನ ವಾಕಿಂಗ್

ನಾನು ಬಾಯಿ ಮುಚ್ಚಿಕೊಂಡು ಒಂದು ಮೂಲೆಯಲ್ಲಿದ್ದರೂ ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈ ಸಲ ಕಾರಣ ನನ್ನ ಕಾಲು. ಮನೆಯಿಂದಲೇ ಆಫೀಸ್ ಕೆಲಸ. ಕೂತರೆ ಸೊಂಟ ನೋವು ಅಂತ ನಿಂತು ಕೆಲಸ ಮಾಡುವ ಎತ್ತರದ ಟೇಬಲ್ ತರಿಸಿದೆ. ನಿಂತರೆ ಕಾಲಿಗೆ ಚಡಪಡಿಕೆ. ದಿನಾ ಒಂದು ಗಂಟೆ ನಡೆಯದಿದ್ದರೆ ಸೊಂಟಕ್ಕೆ ಬೆಲ್ಟೇ ಗತಿ ಎಂದು ಡಾಕ್ಟರು ಹೆದರಿಸಿದರು.

೧. ರಸ್ತೆ

ಸುಂಟಿಕೊಪ್ಪದ ನಮ್ಮ ತೋಟದ ರಸ್ತೆಯಲ್ಲಿ ಪರಿಚಯದವರು ನಡೆಯುತ್ತಿದ್ದರೆ ಗಾಡಿ ನಿಲ್ಲಿಸದೆ ಹೋಗುವುದು ಮರ್ಯಾದೆಯಲ್ಲ. ಮೊದಲ ದಿನವೇ ಪಕ್ಕದ ತೋಟದವರ ಜೀಪು ನಿಂತಿತು. ಸುಮ್ಮನೆ ನಡೆಯುತ್ತಿದ್ದೇನೆ ಅನ್ನಲು ನಾಚಿಕೆಯಾಗಿ ಹತ್ತಿದೆ. ಪೇಟೆಯಲ್ಲಿ ಇಳಿದು ನಡೆದೇ ವಾಪಸ್ ಬರೋಣವೆಂದರೆ ಇನ್ನೊಬ್ಬರು ಗೇಟಿನ ತನಕ ತಂದು ಬಿಟ್ಟರು. ಆ ವಾರ ನಾನು ನಡೆದದ್ದು ಬಾಗಿಲಿಂದ ಗೇಟಿಗೆ, ಗೇಟಿಂದ ಬಾಗಿಲಿಗೆ.

೨. ಅಂಗಡಿ

ಟೇಬಲ್ ಕೆಳಗೆ ಹಾಕುವ ಟ್ರೆಡ್‌ಮಿಲ್ ನೋಡಲು ಅಪ್ಪನ ಜೊತೆ ಕುಶಾಲನಗರಕ್ಕೆ ಹೋದೆ. ಸದ್ದು ಎಷ್ಟು, ಉದ್ದ ಎಷ್ಟು ಎಂದು ಕೇಳಲು ಫೋನಿನಲ್ಲಿ ಹನ್ನೊಂದು ಪ್ರಶ್ನೆ ಬರೆದುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ನೂರು ಕಿಲೋ ತಡೆಯುತ್ತದೆ ಎಂದ ಅಂಗಡಿಯವನು. "ಅಂದ್ರೆ ಎರಡು ಮೂಟೆ ಕಾಫಿ," ಎಂದು ಅಪ್ಪ ತಲೆಯಾಡಿಸಿದರು.

ಹತ್ತಿ ನೋಡಿ ಮೇಡಂ ಅಂದದ್ದೇ ತಡ, ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಅಪ್ಪನ ಹಿಂದೆ ಸರಿದೆ. ಅಪ್ಪ ಚಪ್ಪಲಿ ಬಿಟ್ಟು ಹತ್ತಿದರು. ಮೆಣಸಿನ ರೇಟು ಮಾತಾಡುತ್ತಾ, ಅಂಗಡಿಯವನ ಊರು, ಅವನ ಹೆಂಡತಿಯ ಊರು ವಿಚಾರಿಸುತ್ತಾ ಇಪ್ಪತ್ತು ನಿಮಿಷ ನಡೆದರು. "ಇದೇ ಇರ್ಲಿ, ಕಾಲಿಗೆ ಒಗ್ಗುತ್ತೆ," ಎಂದು ಇಳಿದರು.

ಯಾರ ಕಾಲಿಗೆ ಎಂದು ಆಗಲೇ ಕೇಳಬೇಕಿತ್ತು.

೩. ಮೀಟಿಂಗ್

ಎರಡು ದಿನ ಹಾಯಾಗಿ ನಡೆದೆ. ಅಷ್ಟರಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗಿ ಅಂಗಳದ ಕಣದಲ್ಲಿ ಒಣಗಲು ಹರವಿದರು. ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಟ್ರೆಡ್‌ಮಿಲ್ ನನ್ನ ಟೇಬಲ್ ಬಿಟ್ಟು ನನ್ನ ಬೆನ್ನ ಹಿಂದಿನ ಕಿಟಕಿ ಸೇರಿದೆ. ಮೇಲೆ ಅಪ್ಪ, ಪಂಚೆ ಎತ್ತಿಕಟ್ಟಿ, ಮಂಕಿ ಟೋಪಿ ಹಾಕಿ ನಡೆಯುತ್ತಿದ್ದಾರೆ. "ಇಲ್ಲಿಂದ ಕಣ ಪೂರ್ತಿ ಕಾಣುತ್ತೆ ಕಣವ್ವ. ಒಂದು ಗಳಿಗೆ ತಡಿ," ಎಂದರು. ಆಮೇಲೆ ಕಿಟಕಿಯಿಂದಲೇ ಕಾಫಿ ಕೈಯಾಡಿಸುವವರಿಗೆ ಆ ಮೂಲೆ, ಈ ಮೂಲೆ ಎಂದು ಹೇಳತೊಡಗಿದರು.

ನನಗೆ ಮೀಟಿಂಗ್ ಹೊತ್ತಾಯಿತು. ಕಾಲು ಬದಲಿಸುತ್ತಾ, ಕ್ಯಾಮೆರಾ ಆನ್ ಮಾಡಿಕೊಂಡು ನಿಂತೆ. ಅರ್ಧ ಗಂಟೆಯಾದ ಮೇಲೆ ನಮ್ಮ ಮ್ಯಾನೇಜರ್ ಮಾತು ನಿಲ್ಲಿಸಿ, ಸಂಕೋಚದಿಂದ ಕೇಳಿದರು: "ತಪ್ಪು ತಿಳೀಬೇಡಿ, ನಿಮ್ಮ ಹಿಂದೆ ಒಬ್ರು ಆಗ್ಲಿಂದ ಹೋಗ್ತಾನೇ ಇದ್ದಾರೆ. ಯಾವಾಗ ದಾಟ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕಣದಿಂದ ಕಣ್ಣು ತೆಗೆಯದೆ ಉತ್ತರಿಸಿದರು.

"ಕಾಫಿ ಒಣಗ್ಬೇಕಲ್ಲ ಸಾರ್. ಇನ್ನೊಂದು ಹದಿನೈದು ದಿನ."