ಡಬ್ಬ ಸೇರಿದ ಮಾಡ್ಯೂಲು

ಕಂಪ್ಯೂಟರ್ ಕ್ಲಾಸಿನ ಮಾಸ್ಟರು ನನ್ನನ್ನು ‘ಯೂಸರು’ ಅಂದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ!

ಹೆಂಡತಿಯನ್ನು ಮೊದಲ ದಿನ ಕ್ಲಾಸಿಗೆ ಬಿಡಲು ಹೋಗಿದ್ದೆ. ಅಲ್ಲೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಫ್ಯಾನು ಗರಗರ ಅನ್ನುತ್ತಿತ್ತು. ಇಪ್ಪತ್ತಾರು ವರ್ಷ ಸ್ಕೂಟರು ರಿಪೇರಿ ಮಾಡಿದ ಕಿವಿ ಇದು, ಸುಮ್ಮನಿರುತ್ತದೆಯೇ? ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪಕ್ಕದ ತಗಡಿಗೆ ಕೈ ಹಾಕಿದೆ. ಮಾಸ್ಟರು ಓಡಿ ಬಂದರು. ನನ್ನ ಅರ್ಧ ವಯಸ್ಸು, ಕಾಲು ಭಾಗ ಮೀಸೆ.

“ಸಾರ್, ಸಾರ್, ಮುಟ್ಟಬೇಡಿ! ನೀವು ಬರೀ ಯೂಸರು!”

ಬರೀ ಯೂಸರು! ಅಂದರೆ ಯಾರೋ ಮಾಡಿಟ್ಟದ್ದನ್ನು ಬಳಸಿಕೊಂಡು ತೆಪ್ಪಗಿರುವವನು. ಊರಿನ ಅರ್ಧ ಸ್ಕೂಟರುಗಳ ಎದೆ ಬಗೆದು ಮತ್ತೆ ಮುಚ್ಚಿದ ನನಗೆ ಈ ಬಿರುದು! ಅಲ್ಲೇ ಮನಸ್ಸಿನಲ್ಲಿ ಶಪಥ ಮಾಡಿದೆ: ಒಂದಲ್ಲ ಒಂದು ದಿನ ಈ ಕಂಪ್ಯೂಟರು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಅವತ್ತು ಅದನ್ನು ಎತ್ತಿ ನಿಲ್ಲಿಸುವುದು ಇದೇ ಗ್ರೀಸು ಮೆತ್ತಿದ ಕೈ!

ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಓದುತ್ತೇನೆ, ಅರ್ಥ ಮಾತ್ರ ನನ್ನಿಷ್ಟ. ನನ್ನವಳು ಹತ್ತನೇ ಕ್ಲಾಸು ಮುಗಿಸಿ, ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ ತುಳಿದು, ನಲವತ್ತೊಂದಕ್ಕೆ ಕಾಲಿಟ್ಟಾಗ “ನಾನು ಪ್ರೋಗ್ರಾಮ್ ಬರೆಯೋದು ಕಲೀತೀನಿ” ಅಂದಳು. ಎಂಟು ತಿಂಗಳಲ್ಲಿ ಇಡೀ ಕ್ಲಾಸಿಗೇ ಮುಂದೆ ಬಂದಳು. ಹೆಮ್ಮೆ ನನಗೆ ಎಷ್ಟೆಂದರೆ, ಬ್ರೇಕ್ ವೈರು ಹಾಕಿಸಿಕೊಳ್ಳಲು ಬಂದವರಿಗೂ ಈ ವಿಷಯ ಹೇಳದೆ ಗಾಡಿ ವಾಪಸ್ ಕೊಡುತ್ತಿರಲಿಲ್ಲ.

ಕೊನೆಗೆ ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಅವಳ ಪ್ರಾಜೆಕ್ಟು ಎಲ್ಲರೆದುರು ತೋರಿಸಬೇಕು ಅಂತಾಯಿತು. ಅದು ಓಡಿದರೆ ಸಂಜೆಯ ಬ್ಯಾಚಿಗೆ ಅವಳೇ ಟೀಚರು. ಓಡದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಎರಡು ವಾರದಿಂದ ನನ್ನವಳು ನಿದ್ದೆಯಲ್ಲೂ ಬ್ರ್ಯಾಕೆಟ್ ಮುಚ್ಚುತ್ತಿದ್ದಳು.

“ಏನೇ ಅದು ಪ್ರಾಜೆಕ್ಟು?” ಅಂದೆ.

“ನಾಲ್ಕು ಗಂಟೆಗೆ ಬಂದು ನೋಡಿ. ಅಲ್ಲೀವರೆಗೂ ಲ್ಯಾಪ್‌ಟಾಪ್ ಮುಟ್ಟಬೇಡಿ.”

“ಅಲ್ವೇ, ನಿಧಾನ ಅಂತಿದ್ದೆಯಲ್ಲ? ಒಂದು ಸರ್ವೀಸ್...”

“ರೀ!”

ಆ ‘ರೀ’ಯಲ್ಲಿ ಎಂಟು ಸಾಲಿನ ಬೈಗುಳ ಮಡಚಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಹೊಲಿದ ಬಟ್ಟೆ ಕೊಟ್ಟು ಬರಲು ಹೊರಟಳು. ಅವಳು ಗೇಟು ದಾಟಿದಳೋ ಇಲ್ಲವೋ, ನಾನು ಲ್ಯಾಪ್‌ಟಾಪಿನ ಮುಂದೆ! ಹೆಂಡತಿಯ ಜೀವನದ ದೊಡ್ಡ ದಿನ, ಗಾಡಿ ಎಳೆದುಕೊಂಡು ಹೋಗಬಾರದು ನೋಡಿ. ಮೂಲೆಯ ಕುರ್ಚಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆ ಕನ್ನಡಕದ ಮೇಲಿಂದ ನೋಡಿದರು. ಮತ್ತೊಂದು ಎಸಳು ಕೈಗೆತ್ತಿಕೊಂಡರು. ನಮ್ಮತ್ತೆ ಮಾತನ್ನು ಕೂಡಿಟ್ಟು ಬಡ್ಡಿ ಸಮೇತ ವಾಪಸ್ ಕೊಡುವವರು.

ಅವಳ ಪ್ರಾಜೆಕ್ಟಿನ ಫೋಲ್ಡರು ತೆರೆದೆ. ಅಬ್ಬಾ! ಒಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೆ ನಾಲ್ಕು. ಕೆಲವಕ್ಕೆ ನಿನ್ನೆಯ ತಾರೀಕು. ಆದರೆ ಒಂದು ದೊಡ್ಡ ರಾಶಿಗೆ ಮೂರು ವರ್ಷ ಹಿಂದಿನ ತಾರೀಕು! ಇವಳು ಕಲಿಯಲು ಶುರು ಮಾಡಿದ್ದೇ ಎಂಟು ತಿಂಗಳ ಹಿಂದೆ. ಹಾಗಾದರೆ ಇದೇನು? ಹಳೇ ಮಾಲು! ಗ್ಯಾರೇಜಿನಲ್ಲಿ ನನ್ನದೊಂದು ನಿಯಮವಿದೆ. ಬಿಚ್ಚಿ ಜೋಡಿಸಿದ ಮೇಲೆ ಉಳಿದದ್ದು, ವರ್ಷಗಟ್ಟಲೆ ಯಾರೂ ಕೇಳದ್ದು, ಎಲ್ಲಾ ಒಂದು ಬಿಸ್ಕತ್ತಿನ ಡಬ್ಬಕ್ಕೆ. ಬಿಸಾಡುವುದಿಲ್ಲ ಮತ್ತೆ, ನಾನು ಅಷ್ಟು ಬೇಜವಾಬ್ದಾರಿಯಲ್ಲ! ಆ ಮೂರು ವರ್ಷದ ರಾಶಿಯನ್ನೆಲ್ಲ ಒಂದು ಪೆನ್‌ಡ್ರೈವಿಗೆ ವರ್ಗಾಯಿಸಿ, ಲ್ಯಾಪ್‌ಟಾಪಿನಿಂದ ಗುಡಿಸಿ ತೆಗೆದೆ. ಹಾಗೇ ಗ್ಯಾರೇಜಿಗೆ ಹೋಗಿ ಪೆನ್‌ಡ್ರೈವನ್ನು ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿ ಬಂದೆ. ಎಂಥಾ ಅಚ್ಚುಕಟ್ಟು!

ಹನ್ನೆರಡಕ್ಕೆ ಅವಳು ಬಂದು ಕೊನೇ ಸಲ ಓಡಿಸಿ ನೋಡೋಣ ಅಂತ ಕೂತಳು. ಒಂದು ನಿಮಿಷ. ಎರಡು. ಆಮೇಲೆ ಒಂದು ಸಣ್ಣ ದನಿ.

“ಓಡ್ತಾ ಇಲ್ಲ.”

ಪರದೆಯ ಮೇಲೆ ಒಂದೇ ಒಂದು ಕೆಂಪು ಸಾಲು. ಏನೋ ಒಂದು ಮಾಡ್ಯೂಲು ಸಿಗುತ್ತಿಲ್ಲವಂತೆ. ಮಾಡ್ಯೂಲು ಅಂದರೆ ಬೇರೆಯವರು ಮೊದಲೇ ಮಾಡಿಟ್ಟ ಬಿಡಿಭಾಗ, ನಮಗೆ ಬೇರಿಂಗ್ ರೆಡಿಮೇಡ್ ಬರುತ್ತದಲ್ಲ ಹಾಗೆ, ಅಂತ ಅವಳೇ ಒಮ್ಮೆ ವಿವರಿಸಿದ್ದಳು. ಇದು ಮಾಸ್ಟರು ತಾವೇ ಬರೆದು ಇವಳೊಬ್ಬಳಿಗೇ ಕೊಟ್ಟ ಬಿಡಿಭಾಗ. ಬೇರೆಲ್ಲೂ ಸಿಗುವುದಿಲ್ಲ. ಅವರಿಗೆ ಫೋನ್ ಮಾಡಿದರೆ, “ಬಸ್ಸಲ್ಲಿದ್ದೀನಮ್ಮ, ನಾಲ್ಕಕ್ಕೆ ನೇರ ಕ್ಲಾಸಿಗೇ ಬರೋದು. ನಾನು ಕೊಟ್ಟಿದ್ದು ಅಲ್ಲೇ ಇರುತ್ತೆ, ಸರಿಯಾಗಿ ನೋಡಿ” ಅಂದರು.

ನನಗೆ ಆಗಲೂ ಹೊಳೆಯಲಿಲ್ಲ ಅಂದರೆ ನೀವು ನಂಬಬೇಕು. ನಾನು ತೆಗೆದದ್ದು ಹಳೇ ಮಾಲು, ಕಳೆದಿರುವುದು ಬೇಕಾದ ಮಾಲು. ಎರಡಕ್ಕೂ ಏನು ಸಂಬಂಧ? ಅಲ್ಲದೆ ನನ್ನ ತಲೆಯಲ್ಲಿ ಆಗ ಒಂದೇ ಮಾತು ಮೊಳಗುತ್ತಿತ್ತು: ಬಂತು! ಶಪಥದ ದಿನ ಬಂತು!

“ಏಳೇ ಪಕ್ಕಕ್ಕೆ!” ಅಂದೆ.

“ರೀ, ಬೇಡ...”

“ಹೋಗಿ ಒಂದು ಲೋಟ ನೀರು ಕುಡಿ. ನಾನಿದ್ದೀನಲ್ಲ.”

ಅವಳು ಅಡುಗೆಮನೆಗೆ ಹೋದಳು. ಹಾರ್ನು ಶಾರ್ಟಾಗಿ ಗಾಡಿ ನಿಂತರೆ ಹಾರ್ನಿನ ವೈರು ಕಿತ್ತು ಗಾಡಿ ಓಡಿಸು, ಇದು ನನ್ನ ವಿದ್ಯೆ. ಮಾಡ್ಯೂಲನ್ನು ಕರೆಯುವ ಸಾಲನ್ನೇ ಕಿತ್ತರೆ ಗಲಾಟೆಯೇ ಇಲ್ಲ! ಆ ಸಾಲು, ಅದರ ಮೇಲಿನದ್ದು, ಅನುಮಾನಕ್ಕೆ ಅದರ ಕೆಳಗಿನದ್ದು, ಮೂರನ್ನೂ ಅಳಿಸಿ ಓಡಿಸಿದೆ.

ಪರದೆ ಕೆಂಪಾಯಿತು. ಅವಳು ಬಂದು ಎಣಿಸಿದಳು.

“ಅರವತ್ಮೂರು.”

“ಏನು?”

“ಒಂದು ತಪ್ಪಿತ್ತು. ಈಗ ಅರವತ್ಮೂರು ಆಗಿದೆ. ಒಂದು ಲೋಟ ನೀರು ಕುಡಿಯೋದ್ರೊಳಗೆ ಅರವತ್ತೆರಡು ತಪ್ಪು ಹುಟ್ಟಿಸೋಕೆ ನಿಮಗೊಬ್ಬರಿಗೇ ಸಾಧ್ಯ!”

ಕೋಪ ನನ್ನ ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳಬೇಡಿ, ಆ ಪರದೆಯ ಮೇಲೆ! “ಅರವತ್ಮೂರು ಅಂತೆ! ಸುಳ್ಳು ಲೆಕ್ಕ! ಒಂದು ನಟ್ಟು ಸಡಿಲಾದರೆ ಇಡೀ ಗಾಡಿ ಗಡಗಡ ಅನ್ನುತ್ತೆ. ಸದ್ದು ಬರೋ ಜಾಗ ಬೇರೆ, ಕೆಟ್ಟಿರೋ ಜಾಗ ಬೇರೆ. ಮೊದಲನೇ ತಪ್ಪು ಯಾವುದು ಹೇಳು. ಉಳಿದ ಅರವತ್ತೆರಡೂ ಬರೀ ಸದ್ದು!”

ಅವಳು ನನ್ನನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತು ಕೇಳಿ ಅವಳು ಬಾಯಿ ಮುಚ್ಚಿದ್ದು ಅದೇ ಮೊದಲು. ತಾರೀಕು ಬರೆದಿಟ್ಟುಕೊಂಡಿದ್ದೇನೆ.

“ನಲವತ್ತನೇ ಸಾಲು ಅಂತಿದೆ,” ಅಂದಳು ಮೆಲ್ಲಗೆ. “ಅಂದ್ರೆ ಅದಕ್ಕಿಂತ ಮೇಲೆಲ್ಲೋ ಬ್ರ್ಯಾಕೆಟ್ ಮುಚ್ಚಿಲ್ಲ.”

“ಓದು. ಒಂದೊಂದೇ ಸಾಲು.”

ಜೇಬಿನಲ್ಲಿದ್ದ ನಟ್ಟು ಬೋಲ್ಟುಗಳನ್ನು ಮೇಜಿಗೆ ಸುರಿದೆ. ಅವಳು ‘ತೆರೆಯಿತು’ ಅಂದರೆ ಒಂದು ಬೋಲ್ಟು ನಿಲ್ಲಿಸುವುದು. ‘ಮುಚ್ಚಿತು’ ಅಂದರೆ ಅದಕ್ಕೆ ನಟ್ಟು ಹಾಕುವುದು. ತೆರೆಯಿತು, ತೆರೆಯಿತು, ಮುಚ್ಚಿತು, ತೆರೆಯಿತು... ಕೊನೆಗೆ ಮೇಜಿನ ಮೇಲೆ ಒಂದು ಬೋಲ್ಟು ಒಂಟಿಯಾಗಿ ನಿಂತಿತು. ನಾನು ಅಳಿಸಿದ ಮೂರು ಸಾಲಿನ ಕೊನೆಯಲ್ಲಿದ್ದ ಮುಚ್ಚುವ ಬ್ರ್ಯಾಕೆಟ್ಟು! ಅವಳು ಆ ಮೂರು ಸಾಲನ್ನು ಮತ್ತೆ ಬರೆದು ಓಡಿಸಿದಳು.

ಅರವತ್ಮೂರು ಹೋಗಿ ಒಂದು!

ನಾನು ಎದ್ದು ನಿಂತೆ. ಎದೆ ನನ್ನ ಅಂಗಿಗಿಂತ ದೊಡ್ಡದಾಗಿತ್ತು. “ಅರವತ್ತೆರಡು ತಪ್ಪು ಒಂದೇ ಏಟಿಗೆ! ಕರೆಯೇ ನಿನ್ನ ಮಾಸ್ಟರನ್ನ! ಕರೆದು ಕೇಳು, ಯಾರು ಯೂಸರು ಅಂತ!”

“ಆ ಅರವತ್ತೆರಡೂ ನಿಮ್ದೇ. ನಂದು ಒಂದು ಇನ್ನೂ ಹಾಗೇ ಇದೆ,” ಅಂದಳು. “ಮೂರು ಗಂಟೆ ಆಗ್ತಾ ಬಂತು ಕಣ್ರೀ. ಫೋಲ್ಡರೇ ಇಲ್ಲ. ನಿನ್ನೆ ಇತ್ತು. ಅದೆಲ್ಲಿಗೆ ನಡ್ಕೊಂಡು ಹೋಗುತ್ತೆ?”

ಆಗ ಮೂಲೆಯಿಂದ ಬೆಳ್ಳುಳ್ಳಿಯ ಸಿಪ್ಪೆಯಷ್ಟು ಹಗುರವಾಗಿ ಒಂದು ಮಾತು ತೇಲಿಬಂತು.

“ಅಳಿಯಂದಿರು ಬೆಳಿಗ್ಗೆ ‘ಹಳೇ ಮಾಲು, ಹಳೇ ಮಾಲು’ ಅಂತ ಏನೋ ಗುಡಿಸ್ತಾ ಇದ್ರಲ್ಲ, ಅದರಲ್ಲೇನಾದ್ರೂ ಹೋಯ್ತೇನೋ ನೋಡಮ್ಮ.”

ನನ್ನವಳು ಕುರ್ಚಿ ಸಮೇತ ನನ್ನ ಕಡೆ ತಿರುಗಿದಳು.

“ಮೂರು ವರ್ಷದ ಹಿಂದಿನ ತಾರೀಕಿತ್ತು...” ಅಂತ ಶುರು ಮಾಡಿದೆ.

“ಮಾಸ್ಟರು ಅದನ್ನ ಬರೆದದ್ದು ಮೂರು ವರ್ಷದ ಹಿಂದೆ! ಎಲ್ಲಿ ಹಾಕಿದ್ರಿ?”

“ಭದ್ರವಾಗಿದೆ.”

“ಎಲ್ಲಿ?”

“ಡಬ್ಬದಲ್ಲಿ.”

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಸ್ಕೂಟರಿನ ಹಿಂದೆ ಬಂದು ಕೂತಳು. ಗ್ಯಾರೇಜಿನಲ್ಲಿ ಡಬ್ಬ ಬೋರಲು ಹಾಕಿದೆ. ಇಪ್ಪತ್ತಾರು ವರ್ಷದ ಪಾಪವೆಲ್ಲ ನೆಲದ ಮೇಲೆ ಹರಡಿತು: ವಾಷರು, ಸ್ಪ್ರಿಂಗು, ಯಾರ್‍ಯಾರದೋ ಸ್ಕ್ರೂ. ಗಂಡ ಹೆಂಡತಿ ಮಂಡಿಯೂರಿ ಹುಡುಕಿದೆವು. ಪೆನ್‌ಡ್ರೈವು ಸಿಕ್ಕಿತು, ಗ್ರೀಸಿನಲ್ಲಿ ಮಿಂದು. ಅವಳು ಸೆರಗಿನಿಂದ ಒರೆಸಿ, ಉಫ್ ಅಂತ ಊದಿ, ಅಲ್ಲೇ ವರ್ಕ್‌ಬೆಂಚಿನ ಮೇಲೆ ಚುಚ್ಚಿದಳು. ಫೋಲ್ಡರನ್ನು ಅದರ ಜಾಗದಲ್ಲಿ ಇಟ್ಟಳು. ಓಡಿಸಿದಳು.

ಒಂದೂ ಕೆಂಪು ಸಾಲಿಲ್ಲ! ಆ ಹೊತ್ತಿಗೆ ಮೂರು ನಲವತ್ತು.

ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ನನ್ನವಳು ಎದ್ದು ನಿಂತು ಮಾತಾಡಿದಳು ನೋಡಿ, ಒಂದು ಅಕ್ಷರ ತೊದಲಲಿಲ್ಲ. “ಇದು ರಿಪೇರಿ ಅಂಗಡಿಗೆ ಬರೆದ ಪ್ರೋಗ್ರಾಮು. ಗಾಡಿಯಿಂದ ಯಾವ ಯಾವ ಸಾಮಾನು ಬಿಚ್ಚಿದ್ರು ಅಂತ ಮೊದಲು ಬರೀಬೇಕು. ಅಷ್ಟೂ ವಾಪಸ್ ಹಾಕೋವರೆಗೂ ಈ ಪ್ರೋಗ್ರಾಮು ಕೆಲಸ ಮುಗೀತು ಅನ್ನೋದೇ ಇಲ್ಲ.” ಒಂದು ಸ್ಕ್ರೂ ಕಡಿಮೆ ಬರೆದು ತೋರಿಸಿದಳು. ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬಂತು: ‘ಸಾಮಾನು ಉಳಿದಿದೆ. ಡಬ್ಬ ನೋಡಿ.’

ಕ್ಲಾಸು ಗೊಳ್ಳೆಂದಿತು. ಮಾಸ್ಟರು ನಗುತ್ತಾ ಕೇಳಿದರು, “ಈ ಐಡಿಯಾ ಎಲ್ಲಿ ಸಿಕ್ಕಿತಮ್ಮ?”

“ಮನೇಲೇ ಇದೆ, ಸಾರ್.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾಚಿಕೆಯಾಗಬೇಕಿತ್ತು. ಆದರೆ ಎಂಟು ತಿಂಗಳು ಕಲಿತು ಅವಳು ಬರೆದದ್ದು ನನ್ನ ಗ್ಯಾರೇಜಿಗಾಗಿ ಅಂತ ಗೊತ್ತಾದ ಮೇಲೆ ನಾಚಿಕೆಗೆ ಜಾಗವೆಲ್ಲಿ? ಎದ್ದು ನಿಂತು ಎಲ್ಲರಿಗೂ ಕೈಮುಗಿದೆ. ಸಂಜೆ ಬ್ಯಾಚಿನ ಟೀಚರು ಕೆಲಸ ಅವಳಿಗೇ ಆಯಿತು. ಮಾರನೇ ದಿನ ಒಬ್ಬರು ಟೈರಿಗೆ ಗಾಳಿ ಹೊಡೆಸಲು ಬಂದವರು ಈ ಕಥೆ ಪೂರ್ತಿ ಕೇಳಿಕೊಂಡೇ ಹೋದರು.

ಆವತ್ತು ಕ್ಲಾಸಿನಿಂದ ಮನೆಗೆ ಬಂದ ಮೇಲೆ ಅವಳು ಟೀ ಲೋಟ ಕೈಗಿಟ್ಟು ಅಂದಳು, “ನಂಗೇನೂ ಬೇಡ. ‘ತಪ್ಪು ನಂದು’ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ, ಸಾಕು.”

“ತಪ್ಪು ನಡೆದಿದೆ,” ಅಂದೆ.

“ಯಾರದ್ದು?”

“ಒಟ್ಟಾರೆ.”

“ಒಟ್ಟಾರೆ ಅನ್ನೋರು ಈ ಮನೇಲಿ ಯಾರಮ್ಮ?” ಅಂದರು ಅತ್ತೆ.

“ಟೀಗೆ ಸಕ್ಕರೆ ಕಡಿಮೆ,” ಅಂತ ಎದ್ದುಹೋದೆ.

ಐದು ತಿಂಗಳಾಯಿತು. ಅವಳ ಪ್ರೋಗ್ರಾಮು ನನ್ನ ಗ್ಯಾರೇಜಿನಲ್ಲಿ ದಿನಾ ಓಡುತ್ತದೆ. ಡಬ್ಬ ಖಾಲಿ, ನನ್ನ ಹೆಸರು ಎತ್ತರ. ಆದರೆ ಬೆಳಿಗ್ಗೆ ತೆರೆದ ಕೂಡಲೇ, ಗಿರಾಕಿಗಳ ಕಣ್ಣೆದುರೇ, ಮೊದಲ ಸಾಲಿನಲ್ಲಿ ಹೀಗೆ ಬರುತ್ತದೆ: ‘ಕೆಲಸ ನಂಬರ್ ಒಂದು. ಗಿರಾಕಿ: ಹೆಂಡತಿ. ದೂರು: ಮಾಡ್ಯೂಲು ಕಾಣೆ. ಸಾಮಾನು: ವಾಪಸ್ ಬಂದಿದೆ. ಒಂದು ಮಾತು: ಬಾಕಿ.’

ನಿನ್ನೆ ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ ಅದನ್ನು ಅಳಿಸಲು ಹೋದೆ. ಪರದೆ ಕೆಂಪಾಯಿತು. ಕನ್ನಡದಲ್ಲೇ ಬರೆದಿಟ್ಟಿದ್ದಳು, ನನಗೆ ಅರ್ಥವಾಗಲೆಂದು:

‘ಅನುಮತಿ ಇಲ್ಲ. ನೀವು ಬರೀ ಯೂಸರು.’