ಹೆಂಡತಿಯ ಅಂಗಾಲಿಗೆ ಹರಳೆಣ್ಣೆ

ನಾನು ಕೈಗೆ ಎಣ್ಣೆ ಹಚ್ಚಿಕೊಂಡು ಕೂತ ಗಳಿಗೆಗೇ ನಮ್ಮ ಮನೆಗೆ ಜನ ಬರುತ್ತಾರೆ. ಬೇರೆ ಹೊತ್ತಿನಲ್ಲಿ ಕರೆದರೂ ಬಾರದವರು ಆಗ ಮಾತ್ರ ಕರೆಯದೆ ಬಂದು, ನೋಡಬಾರದ್ದನ್ನು ನೋಡಿದ ಹಾಗೆ ಬಾಗಿಲಲ್ಲಿ ನಿಲ್ಲುತ್ತಾರೆ.

ಮಳವಳ್ಳಿ-ಮಂಡ್ಯ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಆಯುಸ್ಸು ಸವೆಸಿದವನು ನಾನು. ಮನೆಗೆ ಬಂದರೆ ಹೆಂಡತಿ ನನ್ನ ಅಂಗಾಲಿಗೆ ಹರಳೆಣ್ಣೆ ಹಾಕಿ ತಿಕ್ಕುತ್ತಿದ್ದಳು. ಆ ಸುಖ ಏನು ಹೇಳಲಿ! ಅವಳು ಹೆಬ್ಬೆರಳ ಬುಡ ಒತ್ತಿದರೆ ಸಾಕು, ಮದ್ದೂರು ಸ್ಟ್ಯಾಂಡಿನ ಚಿಲ್ಲರೆ ಜಗಳವೆಲ್ಲ ತಲೆಯಿಂದ ಇಳಿದುಹೋಗಿ, ಉಣ್ಣುವುದಕ್ಕೂ ಮೊದಲೇ ನಿದ್ದೆ ಬರುತ್ತಿತ್ತು.

ನಾನು ರಿಟೈರಾದ ಮೇಲೆ ಅವಳ ಸಕ್ಕರೆ ಕಾಯಿಲೆ ಕಾಲಿಗೆ ಇಳಿಯಿತು. ಮಂಡ್ಯದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಪಾದಕ್ಕೆ ಸ್ಪರ್ಶ ಹೋಗಿದೆ. ಚುಚ್ಚಿದರೂ ಸುಟ್ಟರೂ ಅವರಿಗೆ ಗೊತ್ತಾಗಲ್ಲ. ದಿನಾ ಅಂಗಾಲು ನೋಡಿ, ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿ. ಹುಣ್ಣಾದರೆ ಕಾಲು ಉಳಿಯಲ್ಲ" ಅಂದರು. ಆವತ್ತಿನಿಂದ ಆ ಕಾಲು ಉಳಿಸುವುದೇ ನನ್ನ ಡ್ಯೂಟಿ.

ಪಾಪ ಪರಿಹಾರ

ಅವಳು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

"ಗಂಡನ ಕೈಲಿ ಕಾಲು ಮುಟ್ಟುಸ್ಕೊಂಡು ಯಾವ ನರಕಕ್ಕೆ ಓಗ್ಲಿ ನಾನು?"

ಗೋಗರೆದೆ, ಗದರಿದೆ. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ನಾನು ತಿಕ್ಕುವುದು, ತಿಕ್ಕಿ ಆದ ಕೂಡಲೇ ಅವಳು ನನ್ನ ಕಾಲಿಗೆ ಅಡ್ಡಬೀಳುವುದು. ಅಲ್ಲಿಗಲ್ಲಿಗೆ ಚುಕ್ತಾ. ಹೀಗೆ ದಿನಾ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಕೊಂಡಿತು. ಮತ್ತೆ ಮಂಡ್ಯಕ್ಕೆ ಹೋದೆವು.

"ಸೊಂಟ ಹೇಗಮ್ಮ ಹಿಡೀತು?" ಅಂದರು ಡಾಕ್ಟರು.

"ಕಾಲು ತಿಕ್ಕುಸ್ಕೊಂಡು ಸ್ವಾಮಿ, ನೀವೇ ಯೋಳಿದ್ರಲ್ಲ" ಅಂದಳು.

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ನ್ಯಾಯ ಪಂಚಾಯ್ತಿ

ಒಂದು ದಿನ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ನಾನು ನೆಲದ ಮೇಲೆ ಮಂಡಿಯೂರಿ, ಗಾಯ ಏನಾದರೂ ಆಗಿದೆಯೇ ಅಂತ ಅವಳ ಎರಡೂ ಪಾದಗಳನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದೆ. ಯಾರೋ ಬಾಗಿಲಿಗೆ ಬಂದವರು ಮಾತಾಡದೆ ವಾಪಸು ಹೋದರು. ಸಂಜೆಗೆ ಅವಳ ತೌರೂರು ಬೆಳಕವಾಡಿಯಿಂದ ಇಬ್ಬರು ಹಿರಿಯರು ಬಂದಿಳಿದರು.

"ಏನ್ಲಾ, ಈ ವಯಸ್ಸಲ್ಲಿ ಎಂಡ್ತಿ ಕಾಲಿಗೆ ಬೀಳಂಗಾದ್ದು ಏನ್ಲಾ ಮಾಡ್ದೆ?"

"ಏನೂ ಇಲ್ಲ ಮಾವ, ಅವಳಿಗೆ ಸಕ್ಕರೆ ಕಾಯಿಲೆ..."

"ಸಕ್ರೆ ವಿಸ್ಯ ಆಮ್ಯಾಕೆ. ಅವಳ್ಯಾರು, ಅದ್ನ ಬೊಗಳು ಮೊದ್ಲು!"

ನನ್ನ ಹೆಂಡತಿ ಒಂದೇ ಮಾತಿನಲ್ಲಿ ನನ್ನನ್ನು ಬಿಡಿಸಬಹುದಿತ್ತು. ಕಾಫಿ ತಂದಿಟ್ಟು, ಸೆರಗು ಸರಿಮಾಡಿಕೊಂಡು, "ಓಗ್ಲಿ ಬುಡಿ ಮಾವ, ನಾನೇ ಒಟ್ಟೆಗಾಕ್ಕೊಂಡಿವ್ನಿ" ಅಂದಳು. ಹಿರಿಯರು ಅವಳನ್ನು ಹೊಗಳಿ, ನನಗೆ ಬುದ್ಧಿ ಹೇಳಿ, ಮುದ್ದೆ ಉಂಡು ಹೊರಟರು. ಅವಳು ಯಾವ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಊದುಬತ್ತಿ

ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಕಾಲು ತಿಕ್ಕುವುದು ಹೇಗೆ ಅಂತ ಹೇಳಿಕೊಡುತ್ತಿದ್ದಳು. ಕೋಣೆ ಮಬ್ಬಾಗಿರಬೇಕಂತೆ, ಸಣ್ಣ ದೀಪ ಇರಬೇಕಂತೆ, ಒಳ್ಳೆಯ ವಾಸನೆ ಬರಬೇಕಂತೆ, ಆಗ ಮನಸ್ಸು ಹಗುರವಾಗುತ್ತದಂತೆ. ಇವಳ ಮನಸ್ಸೂ ಹಗುರವಾಗಲಿ ಅಂತ ಚಾಪೆ ಹಾಸಿ ಮಲಗಿಸಿದೆ. ಕಿಟಕಿ ಮುಚ್ಚಿದೆ. ಗಾಳಿಗೆ ಆರದಿರಲಿ ಅಂತ ತಲೆಯ ಕಡೆ ಒಂದು ದೀಪ ಹಚ್ಚಿಟ್ಟು, ಒಂದು ಹಿಡಿ ಊದುಬತ್ತಿ ಹೊತ್ತಿಸಿದೆ. ತಿಕ್ಕುತ್ತಿದ್ದ ಹಾಗೇ ಅವಳು ನಿದ್ದೆ ಹೋದಳು.

ಕರಿಬೇವು ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲು ತಳ್ಳಿದಳು. ದೀಪ, ಊದುಬತ್ತಿ, ಕಾಲ ಬಳಿ ತಲೆ ತಗ್ಗಿಸಿ ಕೂತ ನಾನು.

"ಅಯ್ಯೋ! ಓಗ್ಬುಟ್ಟೇನೇ ನನ್ನವ್ವಾ!" ಅಂತ ಅವಳು ಕೂಗಿದ್ದಕ್ಕೆ ಬೀದಿಯೇ ಬಂತು. ಯಾರೋ ಹಲಗೂರಿನಲ್ಲಿ ಮನೆ ಮಾಡಿಕೊಂಡಿದ್ದ ಅವಳ ಅಣ್ಣನಿಗೆ ಫೋನೂ ಮಾಡಿಬಿಟ್ಟರು.

ಇವಳು ಎದ್ದು ಕೂತು, ಕಣ್ಣುಜ್ಜಿಕೊಂಡು, "ಯಾರವ್ವಾ ಓಗಿದ್ದು?" ಅಂದಳು.

ಜನ ನಗಾಡಿಕೊಂಡು ಚದುರಿದರು. ಅವಳ ಅಣ್ಣ ಮಾತ್ರ ಆಗಲೇ ಹೊರಟಾಗಿತ್ತು. ಅಳುತ್ತ ಒಳಬಂದವನು ತಂಗಿ ಅವರೆಕಾಯಿ ಸುಲಿಯುತ್ತ ಕೂತಿದ್ದನ್ನು ಕಂಡು, ಕೈಯಲ್ಲಿದ್ದ ಹಾರವನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡ.

"ಕೊಡಣ್ಣ ಇಲ್ಲಿ. ಮದ್ವೆಯಾದ್ ಮ್ಯಾಲೆ ನೀನು ನನಗೇಂತ ಊವ ತಂದಿರೋದು ಇದೇ ಮೊದ್ಲು" ಅಂದಳು.

ಬಕೆಟ್ಟು

ಇದನ್ನು ಬರೆಯಲು ನನಗೆ ಕೈ ಬಾರದು.

ನಾನು ಮದ್ದೂರಿಗೆ ಒಂದು ಮದುವೆಗೆ ಹೋಗಿದ್ದೆ. ಬಂದು ನೋಡಿದರೆ ಅವಳು ಎಡಗಾಲನ್ನು ಹಿತ್ತಲ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು ಕೂತಿದ್ದಾಳೆ. ನೀರಿನಿಂದ ಹಬೆ ಏಳುತ್ತಿದೆ.

"ಉಪ್ಪುನೀರಲ್ಲಿಟ್ರೆ ತಿಕ್ಕೋದೇ ಬ್ಯಾಡ್ವಂತೆ. ದಿನಾ ನಿಮ್ ಕೈಲಿ ಕಾಲು ಮುಟ್ಟುಸ್ಕೊಳೋ ಪಾಪ ತಪ್ತದಲ್ಲ."

"ಸುಡಲಿಲ್ವೇನೇ?"

"ತಣ್ಣಗಿತ್ತು ಕಣಿ. ಅದುಕ್ಕೇ ಒಲೆ ಮ್ಯಾಲಿಂದು ಇನ್ನೊಂದ್ ಚೆಂಬು ಉಯ್ಕೊಂಡೆ."

ಕಾಲು ಎತ್ತಿ ನೋಡಿದೆ. ಚರ್ಮ ನನ್ನ ಕೈಗೆ ಬಂತು. ನಾನು ಜೋರಾಗಿ ಅತ್ತೆ.

ಮಂಡ್ಯದಲ್ಲಿ ಮೊದಲು ಬೆರಳು ಅಂದರು, ಆಮೇಲೆ ಪಾದ ಅಂದರು, ಕೊನೆಗೆ ಮೊಣಕಾಲ ಕೆಳಗೆ ಅಂದರು. ನಾನು ಸಹಿ ಹಾಕಿದೆ. ನರ್ಸು ಬಂದು ಎಡಗಾಲಿನ ಕಾಲುಂಗುರ ಬಿಚ್ಚಲು ಹೊರಟಾಗ ಅವಳಿಗೆ ಸಿಟ್ಟು ಬಂತು.

"ಗಂಡ ಎದುರ್ಗೇ ಗುಂಡಕಲ್ಲಂಗೆ ಕುಂತವ್ನೆ, ಕಾಲುಂಗ್ರ ಬಿಚ್ಚಿ ಏನ್ ಮಾಡೀಯವ್ವಾ? ಬಲಗಾಲ್ಗೇ ಆಕು. ಇನ್ ಮ್ಯಾಲೆ ಎಲ್ಲಾ ಅದೇ ತಾನೆ ಒರಬೇಕು."

ಎಡಗಾಲು

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳು ನರಳಿದಳು. "ಕಾಲು ನೋಯ್ತದೆ."

ನಾನು ಎಣ್ಣೆ ತಂದು ಬಲಗಾಲು ಹಿಡಿದೆ.

"ಅದಲ್ಲ. ಎಡಗಾಲು."

ಇಲ್ಲದ ಕಾಲು ನೋಯುವುದುಂಟು ಅಂತ ಡಾಕ್ಟರು ಹೇಳಿದ್ದರು.  ಬೇರೇನೂ ತೋಚದೆ, ಎಣ್ಣೆ ಕೈಯಲ್ಲೇ ಆ ಖಾಲಿ ಜಾಗದ ಹಾಸಿಗೆಯನ್ನು ತಿಕ್ಕಿದೆ.

"ಇನ್ನೊಸಿ ಕೆಳಕ್ಕೆ. ಊಂ, ಎಬ್ಬೆರಳ ಬುಡ."

ಒತ್ತಿದೆ. ಅವಳ ಮುಖ ಸಡಿಲವಾಯಿತು. ಎಷ್ಟೋ ತಿಂಗಳಿಂದ ನಾನು ಅಂಥ ಮುಖ ನೋಡಿರಲಿಲ್ಲ.

"ಇದ್ದಾಗ ಏನೂ ಗೊತ್ತಾಯ್ತಿರ್ಲಿಲ್ಲ. ಇವಾಗ ನಿಮ್ ಕೈ ಚೆಂದಾಗಿ ಗೊತ್ತಾಯ್ತದೆ" ಅಂದಳು.

ನನ್ನ ಕೈಯಲ್ಲಿ ಎಣ್ಣೆ ಇತ್ತಲ್ಲ, ಬಾಗಿಲಲ್ಲಿ ಪಕ್ಕದ ಮನೆಯಾಕೆ ಬಂದು ನಿಂತಿದ್ದಳು. ಈ ಸಲ ಕೂಗಲಿಲ್ಲ. ನನ್ನ ಕೈ ನೋಡಿದಳು, ಹಾಸಿಗೆ ನೋಡಿದಳು.

"ಅಣ್ಣಾ, ಅಲ್ಲಿ ಏನೈತೆ ಅಂತ ತಿಕ್ತಾ ಇದ್ದೀಯಾ?"

 ಹೆಂಡತಿ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು.

"ಏನೂ ಇಲ್ಲ ಅಂತ್ಲೇ ಕಣವ್ವಾ ತಿಕ್ಕುಸ್ಕೊತಿರೋದು. ಇದ್ದಿದ್ರೆ ಪಾಪ ಬತ್ತಿತ್ತು, ಎದ್ದು ಅಡ್ಬೀಳ್ಬೇಕಾಗಿತ್ತು."